ಏನೂ ಬೇಡ ಅಂತ ಸಹಿ ಹಾಕುವ ಮೊದಲು

ಸಾಗರ
ಭಾನುವಾರ ರಾತ್ರಿ

ಪುಟ್ಟೀ,

ನೀನು ಫೋನ್ ಇಟ್ಟ ಮೇಲೆ ಆ ಪಿಡಿಎಫ್ ಅನ್ನು ಮತ್ತೆ ತೆಗೆದೆ. ಅಕ್ಷರ ದೊಡ್ಡದು ಮಾಡಿಕೊಂಡು ಒಂದೊಂದೇ ಪ್ಯಾರಾ ಓದಿದೆ. ಹೆಸರು, ವಯಸ್ಸು, ವಿಳಾಸ, ಮದುವೆಯಾದ ದಿನ, ಬೇರೆ ಬೇರೆ ಇರಲು ಶುರುಮಾಡಿದ ದಿನ ಎಲ್ಲ ಸರಿಯಾಗಿವೆ. ಒಂಬತ್ತನೇ ಪ್ಯಾರಾ ದಾಟಿ ಮುಂದೆ ಹೋಗಲು ಆಗಲಿಲ್ಲ. ಹಿಂದಿನ, ಇಂದಿನ, ಮುಂದಿನ ಯಾವ ಜೀವನಾಂಶವನ್ನೂ ನೀನು ಕೇಳುವುದಿಲ್ಲವಂತೆ, ಫ್ಲ್ಯಾಟಿನ ಮೇಲೆ ನಿನ್ನ ಹಕ್ಕು ಏನೂ ಇಲ್ಲವಂತೆ. ಇಂಗ್ಲಿಷಿನಲ್ಲಿ ಎಷ್ಟು ನಯವಾಗಿ ಬರೆದಿದ್ದಾರೆ ಅಂದರೆ, ಓದುತ್ತಾ ಓದುತ್ತಾ ಇವರೇ ನಿನಗೇನೋ ಉಪಕಾರ ಮಾಡಿದ ಹಾಗೆ ಅನ್ನಿಸುತ್ತದೆ.

"ನಿಂಗೆ ಬುದ್ಧಿ ಇದ್ಯಾ" ಅಂತ ನಾನು ಕೂಗಾಡಿದ್ದು ಈ ಪ್ಯಾರಾಕ್ಕೆ. ಡೈವೋರ್ಸಿಗಲ್ಲ. ನೀನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ನಂಗೇನೂ ಬೇಡಮ್ಮ, ಮುಗಿದ್ರೆ ಸಾಕು. ಆ ದಿನ ಕೋರ್ಟಿಗೂ ನೀನು ಬರ್ಬೇಡ" ಅಂದು ಇಟ್ಟುಬಿಟ್ಟೆ. ಬುದ್ಧಿಯ ಮಾತನ್ನು ವಾಪಸ್ ತೆಗೆದುಕೊಂಡೆ. ಕೂಗಿದ್ದಕ್ಕೂ ಬೇಜಾರಾಗಿದೆ. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಈ ಕಾಗದ. ವಾಟ್ಸಪ್ಪಿನಲ್ಲಿ ಬರೆದರೆ ನೀನು ಅರ್ಧಕ್ಕೇ "ಸರಿ ಅಮ್ಮ" ಅಂತ ಉತ್ತರ ಹಾಕುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ಮದುವೆಯ ಕಥೆ, ಆಮೇಲಿನ ಕಥೆ ಏನನ್ನೂ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ನಾನು ಬರೆಯಬೇಕೆಂದು ಕೂತದ್ದು ಕೋರ್ಟಿನ ಬಯಲಿನ ವಿಷಯ. ಅಜ್ಜ ಅಲ್ಲಿ ಟೈಪಿಸ್ಟ್ ಆಗಿದ್ದದ್ದು, ನಾನು ಮಧ್ಯಾಹ್ನ ಬುತ್ತಿ ಒಯ್ಯುತ್ತಿದ್ದದ್ದು ನಿನಗೆ ಗೊತ್ತಿದೆ. ಗೊತ್ತಿಲ್ಲದ ಒಂದು ಸಂಗತಿ ಇದೆ. ಯಾರಿಗೂ ಹೇಳಿದ್ದಿಲ್ಲ, ನಿನ್ನ ಅಪ್ಪನಿಗೂ.

ನಮ್ಮ ಕಾಲದ ಮುನ್ಸೀಫ್ ಕೋರ್ಟು ಅಂದರೆ ಹೆಂಚಿನ ಮಾಡು, ಉದ್ದ ಜಗಲಿ, ಎದುರಿಗೆ ಕೆಂಪು ಮಣ್ಣಿನ ಬಯಲು, ಬಯಲಿನ ತುದಿಗೊಂದು ಮುದಿ ಮಾವಿನ ಮರ. ಮರದ ಕೆಳಗೆ ಟೈಪಿಸ್ಟರ ಸಾಲು. ಮಳೆಗಾಲದಲ್ಲಿ ಆ ಸಾಲು ಹಾಗೇ ಎದ್ದು ಜಗಲಿಯ ಮೂಲೆಗೆ ಹೋಗುತ್ತಿತ್ತು. ನಮ್ಮ ಕಡೆಯ ಮಳೆ ನಿನಗೆ ಗೊತ್ತಲ್ಲ, ಜೂನಿನಲ್ಲಿ ಎದ್ದರೆ ನವರಾತ್ರಿಗೇ ಮರದ ಕೆಳಗೆ ವಾಪಸ್. ನನ್ನ ಅಪ್ಪ ಮೆಷಿನ್ನಿನ ಮೇಲೆ ರೆಕ್ಸಿನ್ ಹೊದಿಸಿ, ಅದರ ಕೆಳಗೆ ಕೈ ತೂರಿಸಿ ಟೈಪ್ ಮಾಡಿದ್ದೂ ಇದೆ. ವಕೀಲರ ಕರಿಕೋಟು ಒಣಗದೆ ಮುಗ್ಗಲು ವಾಸನೆ, ಕಂಬಳಿಕೊಪ್ಪೆಗಳಿಂದ ತೊಟ್ಟಿಕ್ಕುವ ನೀರು, ಬೇಡಿ ಹಾಕಿಸಿಕೊಂಡವನೂ ಪೊಲೀಸಿನವನೂ ಒಂದೇ ಪೊಟ್ಟಣದಿಂದ ಶೇಂಗಾ ತಿನ್ನುವುದು. ದಲಾಯತ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗಿದರೆ ಬಯಲಿನಲ್ಲಿ ಕೂತವರೆಲ್ಲ ಒಮ್ಮೆ ಎದ್ದು ನಿಲ್ಲುತ್ತಿದ್ದರು, ತಮ್ಮ ಹೆಸರಲ್ಲ ಅಂತ ಗೊತ್ತಾದ ಮೇಲೆ ಕೂರುತ್ತಿದ್ದರು. ಮೇ ತಿಂಗಳ ರಜೆಯಲ್ಲಿ ಬಯಲು ನಮ್ಮದು. ಕೋರ್ಟಿನ ಆಟ ಆಡುತ್ತಿದ್ದೆವು. ಜಡ್ಜ್ ಆಗಲು ಯಾರಿಗೂ ಇಷ್ಟ ಇರಲಿಲ್ಲ, ಸುಮ್ಮನೆ ಕೂರಬೇಕಲ್ಲ. ದಲಾಯತನಾಗಲು ಜಗಳ.

ಆ ಮರದ ಕಾಂಡ ಮಾತ್ರ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದೆ. ಕೂತ ಮನುಷ್ಯನ ಕೈಗೆಟುಕುವ ಎತ್ತರದಲ್ಲಿ ಒಂದು ಮೊಳದಷ್ಟು ಜಾಗ ನೀಲಿಗಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು. ಹೆಬ್ಬೆಟ್ಟು ಒತ್ತಿದವರು ಮಸಿಯನ್ನು ಅಲ್ಲೇ ಒರೆಸುತ್ತಿದ್ದರು. ತೊಗಟೆಯ ಸೀಳುಗಳೆಲ್ಲ ತುಂಬಿ ಮೈ ನುಣುಪಾಗಿತ್ತು. ಅಪ್ಪನ ಹತ್ತಿರ ಬಟ್ಟೆಯ ಚೂರು ಇರುತ್ತಿತ್ತು, ಕೊಡುತ್ತಿದ್ದರು ಕೂಡ. ಯಾರೂ ಬಟ್ಟೆ ಮುಟ್ಟುತ್ತಿರಲಿಲ್ಲ, ಮರಕ್ಕೇ ಒರೆಸುತ್ತಿದ್ದರು.

ನನ್ನ ಕೆಲಸ ಬುತ್ತಿ ಒಯ್ಯುವುದಷ್ಟೇ ಆಗಿರಲಿಲ್ಲ. ಅಪ್ಪ ಒಂದು ಮೂಲ ಪ್ರತಿ, ಮೂರು ಕಾರ್ಬನ್ ಪ್ರತಿ ತೆಗೆಯುತ್ತಿದ್ದರು. ಕೋರ್ಟಿಗೆ ಮೊದಲನೆಯದು, ಎದುರುಕಕ್ಷಿಗೆ ಎರಡನೆಯದು, ವಕೀಲರಿಗೆ ಮೂರನೆಯದು. ಮಸುಕು ಮಸುಕಾದ ಕೊನೆಯದು ಅರ್ಜಿ ಹಾಕಿದವರ ಕೈಗೆ. ಟೈಪ್ ಆದ ಮೇಲೆ ತಾಳೆ ನೋಡಬೇಕು. ನಾನು ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪ ಪೆನ್ಸಿಲ್ ಹಿಡಿದು ಕರಡಿನ ಮೇಲೆ ಕಣ್ಣಾಡಿಸುತ್ತಿದ್ದರು. ಏಳನೇ ಕ್ಲಾಸಿನ ಹುಡುಗಿ ದಾವೆ, ತಕರಾರು, ಕ್ರಯಪತ್ರ, ಅಮಲ್ಜಾರಿ ಅಂತ ಓದಿದರೆ ಬಯಲಿನವರಿಗೆಲ್ಲ ತಮಾಷೆ. ನನಗೋ ಹೆಮ್ಮೆ. ಮುಂದೆ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿ ನೌಕರಿ ಹಿಡಿದದ್ದು ಆ ಬಯಲಿನಿಂದ. ನೀನು ಸಾಫ್ಟ್‌ವೇರಿನಲ್ಲಿ ಒಂದು ಚುಕ್ಕೆ ಹೆಚ್ಚು ಕಡಿಮೆಯಾದರೆ ಹುಡುಕಿ ತೆಗೆಯುತ್ತೀಯಲ್ಲ, ಅದು ಅಜ್ಜನಿಂದ ಬಂದದ್ದು ಅಂತ ನನ್ನ ಲೆಕ್ಕ. ನಿನ್ನ ಅಪ್ಪ ಒಪ್ಪುವುದಿಲ್ಲ.

ಆಗ ಏಳನೇ ನಮೂನೆಯ ಕಾಲ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಇದ್ದ ಜಮೀನೆಲ್ಲ ಆ ದಿನದಿಂದ ಸರ್ಕಾರದ್ದು. ಉಳುತ್ತಿದ್ದವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆ ಅರ್ಜಿ ವಿಚಾರಿಸುವ ಟ್ರಿಬ್ಯೂನಲ್ ಮುಂದೆ ವಕೀಲರು ಬರುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇತ್ತು. ಹಾಗಾಗಿ ಜನ ಬಂದು ಬಿದ್ದದ್ದು ಅಪ್ಪನಂಥವರ ಮೇಲೆ. ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಅಷ್ಟು ವರ್ಷವೂ ಬಯಲಿನಲ್ಲಿ ಜಾತ್ರೆ. ಕಾಗೋಡಿನ ಗೇಣಿದಾರರು 1951ರಲ್ಲಿ ಜೈಲಿಗೆ ಹೋಗಿ ಕೇಳಿದ್ದನ್ನು ಈಗ ಒಂದು ಹಾಳೆಯಲ್ಲಿ ತುಂಬಿ ಕೊಡುತ್ತಿದ್ದೇನೆ ಅಂತ ಅಪ್ಪ ಹೇಳಿಕೊಳ್ಳುತ್ತಿದ್ದರು. ಅವರು ಸಂತೋಷವಾಗಿದ್ದದ್ದನ್ನು ನಾನು ನೋಡಿದ್ದು ಆ ವರ್ಷಗಳಲ್ಲೇ. ಗೇಣಿ ಚೀಟಿ ಇದ್ದವರು ಇಲ್ಲದವರು, ಸರ್ವೆ ನಂಬರು ಗೊತ್ತಿದ್ದವರು ಇಲ್ಲದವರು ಎಲ್ಲ ಬರುತ್ತಿದ್ದರು. ಜಮೀನು ಎಲ್ಲಿ ಅಂದರೆ "ಅಗೋ ಆ ಹಳ್ಳದ ಆಚೆ" ಅಂತ ಮರದ ಕೆಳಗಿಂದಲೇ ಕೈ ತೋರಿಸುವವರು.

ಅವಳು ಬಂದದ್ದು ಆ ವರ್ಷಗಳಲ್ಲೇ, ಒಂದು ಮಳೆಗಾಲದಲ್ಲಿ. ಹಿನ್ನೀರಿನ ಆಚೆ ದಡದವಳು, ತುಮರಿ ಕಡೆಯ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ ಮೇಲೆ ಆ ಊರುಗಳಿಗೆ ಸಾಗರ ನೀರಿನ ಆಚೆ ಉಳಿದುಹೋಯಿತು. ಈಗ 2025ರ ಜುಲೈಯಲ್ಲಿ ಸೇತುವೆ ಆಯಿತು, ಕಾರಿನಲ್ಲಿ ಕೂತು ಸಿಗಂದೂರಿಗೆ ಹೋಗಿ ಬರುತ್ತಾರೆ. ಆಗ ಲಾಂಚು, ಆಮೇಲೆ ಬಸ್ಸು. ಸಂಜೆಯ ಲಾಂಚು ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. ಕಂಕುಳಲ್ಲಿ ಒಂದು ಗಂಡುಮಗು. ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಇವಳು ಅಣ್ಣನ ಮನೆ ಸೇರಿದ್ದಳು. ಜೀವನಾಂಶದ ಅರ್ಜಿ ಬರೆಸಬೇಕಿತ್ತು. ಆ ಕಾಲದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಕೆಳಗೆ ತಿಂಗಳಿಗೆ ಎಲ್ಲ ಸೇರಿ 500 ರೂಪಾಯಿ ದಾಟುವಂತಿರಲಿಲ್ಲ, 2001ರವರೆಗೂ ಆ ಮಿತಿ ಹಾಗೇ ಇತ್ತು. ಇವಳು ಕೇಳಿದ್ದು 75. ಜಾಸ್ತಿ ಕೇಳಮ್ಮ, ಅವರು ಹೇಗೂ ಇಳಿಸುತ್ತಾರೆ ಅಂತ ಅಪ್ಪ ಹೇಳಿದರು. "ಬ್ಯಾಡ, ಸುಳ್ಳು ಆಗ್ತದೆ" ಅಂದಳು.

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಮಗ ಎಲ್ಲೋ ಇರಬಹುದು, ನನಗಿಂತ ಹತ್ತೇ ವರ್ಷ ಚಿಕ್ಕವನು.

ವಾಯಿದೆಗೆಲ್ಲ ಬರುತ್ತಿದ್ದಳು. ಗಂಡ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ, ಅವನ ವಕೀಲರು ಬಂದರೆ ಸಾಹೇಬರು ರಜ. ಕೂತಲ್ಲಿಂದ ಅವಳು ನೋಡುತ್ತಿದ್ದದ್ದು ಕೋರ್ಟಿನ ಬಾಗಿಲನ್ನಲ್ಲ, ಬಿಸಿಲನ್ನು. ನೆರಳು ಯಾವ ಕಲ್ಲಿಗೆ ಬಂದರೆ ಬಸ್ಸಿಗೆ ಹೊರಡಬೇಕು ಅಂತ ಲೆಕ್ಕ ಇಟ್ಟಿದ್ದಳು. ಮಗುವನ್ನು ನನ್ನ ಹತ್ತಿರ ಬಿಡುತ್ತಿದ್ದಳು. ಅದು ಅಪ್ಪ ಎಸೆದ ಕಾರ್ಬನ್ ಹಾಳೆ ಎಳೆದುಕೊಂಡು ಮುಖ ಮೂತಿಯೆಲ್ಲ ನೀಲಿ ಮಾಡಿಕೊಳ್ಳುತ್ತಿತ್ತು. ಅಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಬೆಳಗ್ಗಿನಿಂದ ನೀರು ಕುಡಿಯದೆ ಕೂರುತ್ತಿದ್ದಳು. ಇದನ್ನು ಬರೆದದ್ದು ಯಾಕೆಂದರೆ, ಆ ದಿನ ನೀನೂ ಹಾಗೆ ಮಾಡಬೇಡ. ನಿನಗೆ ಟೆನ್ಷನ್ ಆದರೆ ನೀರು ಬಿಡುವ ಚಾಳಿ ಇದೆ.

ಗಂಡನ ತಕರಾರು ಬಂತು. ಅವನ ವಕೀಲರ ಗುಮಾಸ್ತ ಕರಡನ್ನು ತಂದು ನಮ್ಮ ಮರದ ಕೆಳಗೇ ಟೈಪಿಗೆ ಕೊಟ್ಟ. ಕೋರ್ಟಿನ ಬಯಲೆಂದರೆ ಹಾಗೆ, ಎರಡೂ ಕಡೆಯವರು ಒಂದೇ ಮೆಷಿನ್ನಿಗೆ ಬರುತ್ತಾರೆ. ಸದರಿ ಎದುರುದಾರನಿಗೆ ಯಾವ ಜಮೀನೂ ಇಲ್ಲ, ಕೂಲಿಯ ಮೇಲೆ ಜೀವನ, ಆದಾಯ ಏನೇನೂ ಇಲ್ಲ ಅಂತ ನಾನೇ ಓದಿ ತಾಳೆ ನೋಡಿದೆ. ಅದಾಗಿ ಎಷ್ಟು ದಿನವೋ ಏನೋ. ಒಂದು ಗುರುವಾರ, ಸಂತೆಯ ದಿನ, ಆ ಕಡೆಯ ಊರಿನವರು ಒಂದು ಗುಂಪು ಬಂದು ಏಳನೇ ನಮೂನೆ ತುಂಬಿಸಿದರು. ಅಪ್ಪ ತುಂಬಿಸುತ್ತಾ ಹೋದರು, ನಾನು ಓದುತ್ತಾ ಹೋದೆ. ಅರ್ಜಿದಾರನ ಹೆಸರು, ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು, ಎರಡು ಎಕರೆ ಚಿಲ್ಲರೆ ಗದ್ದೆ, ಎಷ್ಟು ವರ್ಷದಿಂದ ಸಾಗುವಳಿ. ಅದೇ ಹೆಸರು. ಅವಳ ಅರ್ಜಿಯಲ್ಲಿ ಅವಳ ಹೆಸರಿನ ಮುಂದೆ 'ಕೋಂ', ಅಂದರೆ ಇಂಥವನ ಹೆಂಡತಿ, ಅಂತ ಬರುತ್ತಿತ್ತಲ್ಲ, ಅದರ ಮುಂದಿನ ಹೆಸರು. ತಂದೆಯೂ ಅದೇ, ಗ್ರಾಮವೂ ಅದೇ.

ನಾನು ನಿಲ್ಲಿಸಿದೆ. ಮುಖ ಎತ್ತಿ ಅಪ್ಪನನ್ನು ನೋಡಿದೆ. ಅಪ್ಪ ಪೆನ್ಸಿಲ್ ಎತ್ತಲಿಲ್ಲ, ನನ್ನ ಮುಖ ನೋಡಲಿಲ್ಲ.

"ಮುಂದೆ ಓದು" ಅಂದರು.

ಓದಿದೆ. ಆ ಮನುಷ್ಯ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದ. ಕೆಟ್ಟವನ ಮುಖ ಏನೂ ಇರಲಿಲ್ಲ. ಕೈಯಲ್ಲಿ ಗೇಣಿ ಚೀಟಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಹಿಡಿದುಕೊಂಡಿದ್ದ, ನೆನೆಯಬಾರದು ಅಂತ. ಜಮೀನು ತನ್ನದಾಗುತ್ತದೆ ಅಂತ ಕಣ್ಣು ಹೊಳೆಯುತ್ತಿತ್ತು. ಅವನ ಹೆಬ್ಬೆಟ್ಟೂ ಅದೇ ಮರಕ್ಕೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಗಣಪತಿ ಕೆರೆಯ ಹತ್ತಿರ ಬಂದಾಗ ನಾನೇ ಕೇಳಿದೆ, ಅವಳ ವಕೀಲರಿಗೆ ಹೇಳುವುದಿಲ್ಲವೇ ಅಂತ. "ಟೈಪ್ ಮಾಡೋನಿಗೆ ಎರಡೂ ಕಡೆ ಕಾಗದ ಬರ್ತವೆ. ಒಂದು ಕಡೇದು ಇನ್ನೊಂದು ಕಡೆ ಹೇಳಿದ್ರೆ ನಾಳೆಯಿಂದ ಒಬ್ರೂ ಬರಲ್ಲ. ಹೇಳ್ಬಾರ್ದು" ಅಂದರು. ಸರಿ ಅಂದೆ. ಸರಿಯೇ ಅದು. ನಾನು ಇಲಾಖೆಯಲ್ಲಿ ಇದ್ದಷ್ಟು ವರ್ಷವೂ ಅದೇ ನಿಯಮ ಪಾಲಿಸಿದೆ. ಒಬ್ಬ ನೌಕರನ ಮೇಲಿನ ದೂರನ್ನು ಟೈಪ್ ಮಾಡಿ, ಅವನ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ. ಆದರೂ ಪುಟ್ಟೀ, ಆ "ಮುಂದೆ ಓದು" ಇದೆಯಲ್ಲ, ಅದು ಬಿಟ್ಟು ಹೋಗುವುದಿಲ್ಲ. ಅಪ್ಪನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು, ಹೆಸರು ತುಂಬಿಸುವಾಗಲೇ. ಪೆನ್ಸಿಲ್ ಅಲ್ಲಾಡಲಿಲ್ಲವಲ್ಲ. ಯಾರಿಗೂ ಕಾಣದ ಹಾಗೆ ಅವಳ ವಕೀಲರ ಕಿವಿಯಲ್ಲಿ ಒಂದು ಮಾತು ಹಾಕಿರಬಹುದು ಅಂತ ಕೆಲವು ಸಲ ಅನ್ನಿಸುತ್ತದೆ. ಹಾಕಿದ್ದರೆ ಕೇಸು ಹಾಗೆ ಆಗುತ್ತಿರಲಿಲ್ಲ ಅಂತ ಇನ್ನು ಕೆಲವು ಸಲ. ಕೇಳಬಹುದಿತ್ತು. ನನ್ನ ಮದುವೆಯಾದ ಮೇಲೂ ಅಪ್ಪ ಎಷ್ಟೋ ವರ್ಷ ಇದ್ದರು, ಜಗಲಿಯಲ್ಲಿ ಇಬ್ಬರೇ ಕೂತ ಸಂಜೆಗಳೂ ಇದ್ದವು. ಕೇಳಲಿಲ್ಲ. ಉತ್ತರ ಯಾವುದಾದರೂ ನನಗೆ ಇಷ್ಟವಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ಕೇಸು ಏನಾಯಿತು ಅಂದರೆ, ಅವಳೇ ಬಿಟ್ಟಳು. ಬೇಸಿಗೆ ರಜೆಗೆ ಮುಂಚಿನ ವಾಯಿದೆಗೆ ಬಂದವಳು ನೇರ ಅಪ್ಪನ ಹತ್ತಿರ ಬಂದು, "ನಂಗೇನೂ ಬ್ಯಾಡ ಸ್ವಾಮಿ, ಬಿಡಿಸಿಕೊಟ್ರೆ ಸಾಕು" ಅಂದಳು. ನೀನು ಫೋನಿನಲ್ಲಿ ಅಂದೆಯಲ್ಲ, ಮೊನ್ನೆ ಮೊನ್ನೆ ಕೇಳಿದ ಮಾತು ಅನ್ನಿಸಿಬಿಟ್ಟಿತು ನನಗೆ. ಅವಳ ವಕೀಲರು ಬಂದು ಎರಡು ಸಾಲು ಹೇಳಿದರು. ಅರ್ಜಿದಾರಳು ಸದರಿ ಅರ್ಜಿಯನ್ನು ಮುಂದುವರಿಸಲು ಇಚ್ಛಿಸುವುದಿಲ್ಲ. ಅಪ್ಪ ಟೈಪ್ ಮಾಡಿ, ನನ್ನ ಕೈಗೆ ಕೊಡದೆ ತಾವೇ ಓದಿದರು. ಇನ್ನೊಂದು ಸಲ ಓದಿದರು. ಯಾವ ಕಾಗದವನ್ನೂ ಅವರು ಎರಡು ಸಲ ಓದಿ ಹೇಳಿದ್ದನ್ನು ನಾನು ಕಂಡಿರಲಿಲ್ಲ. "ತಿಳೀತಾ?" ಅಂದರು. "ತಿಳೀತು" ಅಂದಳು. ಹೆಬ್ಬೆಟ್ಟು ಒತ್ತಿ ಮರಕ್ಕೆ ಒರೆಸಿದಳು. ಅಪ್ಪ ಟೈಪಿನ ದುಡ್ಡು ತೆಗೆದುಕೊಂಡರು. ಬಿಡಬಹುದಿತ್ತು ಅಂತ ನಾನು ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ. ಆದರೆ ಆಮೇಲೆ ನಡೆದದ್ದನ್ನೂ ಹೇಳಬೇಕು. ಅವಳು ಮಗುವನ್ನು ಎತ್ತಿಕೊಂಡು ಎದುರಿನ ಹೋಟೆಲಿಗೆ ಹೋಗಿ, ಒಂದು ಪ್ಲೇಟ್ ಬನ್ಸ್ ತೆಗೆದುಕೊಂಡು ಅರ್ಧ ಮಗುವಿಗೆ ಕೊಟ್ಟು ಅರ್ಧ ತಾನು ತಿಂದಳು. ಎರಡು ಲೋಟ ನೀರು ಕುಡಿದಳು. ಹೋಟೆಲಿನವನು ಏನೋ ಅಂದ, ನಕ್ಕಳು. ಅಷ್ಟೂ ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಹಾಗಾಗಿ ಅವಳಿಗೆ ಅನ್ಯಾಯವಾಯಿತು ಅಂತ ನಾನು ಖಡಾಖಂಡಿತ ಹೇಳಿದರೆ, ಆ ನಗುವನ್ನು ಏನು ಮಾಡಲಿ? ನೀನು ಅದನ್ನೇ ಹಿಡಿದುಕೊಳ್ಳುತ್ತೀಯ ಅಂತ ಗೊತ್ತಿದ್ದೂ ಬರೆದಿದ್ದೇನೆ. ಎರಡು ಎಕರೆ ಚಿಲ್ಲರೆ ಗದ್ದೆ ಅವನಿಗೆ ಸಿಕ್ಕಿತೋ ಇಲ್ಲವೋ. ಸಿಕ್ಕಿರಬಹುದು, ಸಿಗಬೇಕಾದದ್ದೇ, ಅವನೂ ಉತ್ತವನೇ. ಆದರೆ ಆ ಗದ್ದೆಯಲ್ಲಿ ನಟ್ಟಿ ಮಾಡಿದವಳೂ ಇವಳೇ, ಏಳನೇ ನಮೂನೆಯಲ್ಲಿ ಅವಳ ಹೆಸರಿಗೆ ಜಾಗವೇ ಇರಲಿಲ್ಲ.

ನಿನ್ನ ಉತ್ತರ ನನಗೆ ಗೊತ್ತು. "ಅಮ್ಮ, ನಾನು ಅವಳಲ್ಲ. ನಂಗೆ ಸಂಬಳ ಬರುತ್ತೆ." ಬರುತ್ತದೆ, ನಿನ್ನ ಅಪ್ಪನೂ ನಾನೂ ಕೂಡಿ ಯಾವ ಕಾಲಕ್ಕೂ ಕಾಣದಷ್ಟು. ನೀನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ ಅನ್ನುವುದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನಗೆ ಮುಜುಗರವಾಗುವಷ್ಟು. ಜೀವನಾಂಶ ಬೇಡ ಅನ್ನುತ್ತೀಯ, ಸರಿ, ಬೇಡ. ಆದರೆ ಫ್ಲ್ಯಾಟ್ ಜೀವನಾಂಶವಲ್ಲ. ಇಎಂಐ ಅರ್ಧ ನಿನ್ನ ಖಾತೆಯಿಂದ ಹೋಗಿದೆ. ಪತ್ರ ಮಾತ್ರ ಒಬ್ಬರ ಹೆಸರಿನಲ್ಲಿದೆ. ಲೋನ್ ಬೇಗ ಆಗಲಿ ಅಂತ ಆಗ ಹಾಗೆ ಮಾಡಿದಿರಿ, ನಾನು ಬಾಯಿ ಬಿಡಲಿಲ್ಲ. ನಮ್ಮ ನಿವೃತ್ತಿಯ ದುಡ್ಡು ಅದರಲ್ಲಿದೆ ಅಂತ ಈ ಮಾತು ಆಡುತ್ತಿಲ್ಲ. ಅದು ಹೋದರೆ ಹೋಯಿತು. ನಿಜವಾಗಿಯೂ. ಪೂರ್ತಿ ಅಲ್ಲದಿದ್ದರೂ ಬಹುಪಾಲು ನಿಜ.

ಈಗಿನ ಕಾಲ ಬೇರೆ, ಒಪ್ಪುತ್ತೇನೆ. ಸುಪ್ರೀಂ ಕೋರ್ಟು 2020ರಲ್ಲಿ ಒಂದು ತೀರ್ಪು ಕೊಟ್ಟಿದೆ. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ವಿವರವನ್ನೆಲ್ಲ ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು. ಅವತ್ತು ಇದು ಇದ್ದಿದ್ದರೆ ಅಪ್ಪ ಬಾಯಿ ಬಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ, ಅವನೇ ಪ್ರಮಾಣ ಮಾಡಿ ಬರೆಯಬೇಕಾಗುತ್ತಿತ್ತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಾನು ಅಡುಗೆ ಮನೆಯಲ್ಲಿ ಅತ್ತದ್ದು ನಿನ್ನ ಅಪ್ಪನಿಗೆ ಅರ್ಥವಾಗಲಿಲ್ಲ. ಆದರೆ ನಿಮ್ಮದು ಪರಸ್ಪರ ಒಪ್ಪಿಗೆಯ ಅರ್ಜಿ. ಇಬ್ಬರೂ ಒಪ್ಪಿ ಏನು ಬರೆದಿರೋ ಅದೇ ಲೆಕ್ಕ. ಒಂಬತ್ತನೇ ಪ್ಯಾರಾದ ಕೆಳಗೆ ನಿನ್ನ ಸಹಿ ಬಿದ್ದರೆ, ಆಮೇಲೆ ಫ್ಲ್ಯಾಟಿನ ಮಾತು ಎತ್ತಿದಾಗ ಅದೇ ಸಹಿಯನ್ನು ನಿನ್ನ ಮುಂದೆ ಹಿಡಿಯುತ್ತಾರೆ.

ಅದಕ್ಕೇ ಹೇಳುವುದು. ಬೇಗ ಮುಗಿಯುತ್ತದೆ ಅನ್ನುವ ಕಾರಣಕ್ಕೆ ಯಾವುದನ್ನೂ ಬಿಡಬೇಡ. ವಕೀಲರು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಬೇಡ, ಹಾಳೆ ತಿರುಗಿಸಿ ಓದು, ಅವರಿಗೆ ಹೊತ್ತಾದರೆ ಆಗಲಿ. ಪ್ರತಿ ಕಾಗದದ ಸ್ಪಷ್ಟವಾದ ಪ್ರತಿ ನಿನ್ನ ಹತ್ತಿರ ಇರಬೇಕು. ನಿನ್ನ ಬಂಗಾರ ಯಾವ ಲಾಕರಿನಲ್ಲಿ ಇದೆ, ಕೀಲಿ ಯಾರ ಹತ್ತಿರ ಇದೆ? ಅಜ್ಜಿಯ ಅವಲಕ್ಕಿ ಸರ ಅವರ ಮನೆಯಲ್ಲೇ ಉಳಿದಿದೆಯಲ್ಲವೇ? ಆದಾಯ ತೆರಿಗೆಯ ಕಾಗದ ತೆಗೆದಿಟ್ಟುಕೋ. ಅವನು ಒಳ್ಳೆಯವನು ಅನ್ನುತ್ತೀಯ, ನಾನೂ ಅಲ್ಲ ಅನ್ನುವುದಿಲ್ಲ, ಒಳ್ಳೆಯವರ ಹತ್ತಿರವೇ ಲೆಕ್ಕ ಬರೆದು ಇಟ್ಟುಕೊಳ್ಳಬೇಕು. ಸ್ವಾಭಿಮಾನ ಅಂತ ಏನೇನೋ ಹೇಳಬೇಡ, ನಿನ್ನದನ್ನು ನೀನು ಕೇಳುವುದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ. ನಾವು ನಿನ್ನನ್ನು ಹಾಗೆ ಬೆಳೆಸಿಲ್ಲ.

ನೋಡು, ಭಾಷಣ ಆಯಿತು. ಬುದ್ಧಿ ಹೇಳುವುದಿಲ್ಲ ಅಂತ ದೇವರ ಮುಂದೆ ದೀಪ ಹಚ್ಚುವಾಗ ಅಂದುಕೊಂಡೇ ಕೂತಿದ್ದೆ.

ಒಪ್ಪಿಗೆಯ ಡೈವೋರ್ಸಿನ 13ಬಿ ಕಲಮಿನಲ್ಲಿ ಕೋರ್ಟಿಗೆ ಹೋಗುವ ಮೊದಲ ಸಲಕ್ಕೂ ಎರಡನೇ ಸಲಕ್ಕೂ ಮಧ್ಯೆ ಆರು ತಿಂಗಳು ಅಂತರ ಇದೆಯಂತಲ್ಲ. ಬೇಕಾದರೆ ಕೋರ್ಟು ಅದನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಹೇಳಿದ್ದಾರೆ, ನಿಮ್ಮ ವಕೀಲರು ಅದಕ್ಕೂ ಅರ್ಜಿ ಹಾಕುತ್ತಾರೆ ಅಂದೆ. ಹಾಕಲಿ. ಆ ಆರು ತಿಂಗಳಲ್ಲಿ ಮನಸ್ಸು ಬದಲಾಗಲಿ ಅಂತ ನಾನು ಕಾಯುತ್ತಿದ್ದೇನೆ ಅಂದುಕೊಳ್ಳಬೇಡ. ಮೊದಲು ಕಾಯುತ್ತಿದ್ದೆ. ದೀಪಾವಳಿಗೆ ನೀನು ಬಂದಾಗ, ಎರಡು ವರ್ಷದಲ್ಲಿ ಮೊದಲ ಸಲ ಹತ್ತು ಗಂಟೆಯವರೆಗೆ ನಿದ್ದೆ ಮಾಡಿದೆಯಲ್ಲ, ಬಾಗಿಲ ಹತ್ತಿರ ನಿಂತು ನೋಡಿ ಅವತ್ತೇ ಬಿಟ್ಟೆ. ನಿನ್ನ ಅಪ್ಪ ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಹೋದರೆ ಕತ್ತಲಾಗುವವರೆಗೆ ಬರುವುದಿಲ್ಲ, ಕೊಳೆ ಔಷಧಿ ಹೊಡೆಯುವವರನ್ನು ಸುಮ್ಮಸುಮ್ಮನೆ ಬೈಯುತ್ತಾರೆ. ನೀನು ಫೋನ್ ಮಾಡಿದಾಗ ಪಕ್ಕದಲ್ಲೇ ಕೂತಿರುತ್ತಾರೆ, ಕೊಡಲಾ ಅಂದರೆ ತಲೆ ಅಲ್ಲಾಡಿಸುತ್ತಾರೆ. ಅವರಿಗೆ ನೀನೇ ಬೇರೆಯಾಗಿ ಒಂದು ಫೋನ್ ಮಾಡು. ಡೈವೋರ್ಸಿನ ಮಾತು ಎತ್ತಬೇಡ, ಅಡಿಕೆ ರೇಟು ಕೇಳು, ಉಳಿದದ್ದು ತಾನಾಗಿ ಬರುತ್ತದೆ.

ಊರಿನವರ ವಿಷಯ ನೀನು ತಲೆಗೆ ಹಾಕಿಕೊಳ್ಳಬೇಡ. ಕೇಳುವವರು ಕೇಳುತ್ತಾರೆ. ಅವರ ಮನೆಯ ಕಾಗದಗಳನ್ನೂ ನಾನು ಓದಿದ್ದೇನೆ, ಹೇಳುವುದಿಲ್ಲ ಅಷ್ಟೆ.

ಇನ್ನು ನಾನು ಬರುವ ವಿಷಯ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ, ನಿಮ್ಮ ಫ್ಯಾಮಿಲಿ ಕೋರ್ಟಿನಲ್ಲಿ, ಹೆಸರು ಕೂಗುವುದು ಹೇಗೆ, ಕೂರಲು ಬೆಂಚು ಇದೆಯೋ ಇಲ್ಲವೋ ನಾನು ಕಂಡಿಲ್ಲ. ನಿನ್ನ ಹೆಸರನ್ನು ಹೊರಗಿನವರು ಯಾರೋ ಗಟ್ಟಿಯಾಗಿ ಕೂಗುವಾಗ ಸುತ್ತ ಕೂತವರೆಲ್ಲ ನಿನ್ನ ಕಡೆ ತಿರುಗಿ ನೋಡುತ್ತಾರಲ್ಲ, ಆ ಹೊತ್ತು ಪಕ್ಕದಲ್ಲಿ ನಮ್ಮವರು ಅಂತ ಒಬ್ಬರು ಇರಲಿ ಅಂತ ನನ್ನ ಆಸೆ. ಎಲ್ಲ ಮೊಬೈಲಿಗೇ ಬರುತ್ತದೆ, ಹತ್ತು ನಿಮಿಷದ ಕೆಲಸ ಅಂತ ನೀನು ನಗಬಹುದು. ಹತ್ತು ನಿಮಿಷದ ಕೆಲಸಕ್ಕೆ ಬೆಳಗ್ಗಿನಿಂದ ಕೂತವರನ್ನು ನೋಡಿಯೇ ನಾನು ದೊಡ್ಡವಳಾದದ್ದು. ಒಳಗೆ ಬರುವುದಿಲ್ಲ. ಅವನ ತಾಯಿ ಬಂದರೆ ಮಾತಾಡಿಸುತ್ತೇನೆ, ಜಗಳ ಆಡುವುದಿಲ್ಲ, ಮಾತು ಕೊಡುತ್ತೇನೆ. ಬಾಟಲಿಯಲ್ಲಿ ನೀರು ಹಿಡಿದು ಹೊರಗೆ ಕೂತಿರುತ್ತೇನೆ ಅಷ್ಟೆ. ಅದಕ್ಕೂ ಬೇಡ ಅಂದರೆ ಬೇಡ ಅಂತ ಹೇಳು. ನಾನು ಸಿಟ್ಟು ಮಾಡಿಕೊಂಡರೂ ಬರುವುದಿಲ್ಲ.

ಈ ಕಾಗದದ ಜೊತೆಯ ದಪ್ಪ ಕವರಿನಲ್ಲಿ ನನ್ನ ಪಾಸ್‌ಬುಕ್ಕಿನ ಜೆರಾಕ್ಸ್ ಇದೆ. ಫ್ಲ್ಯಾಟಿಗೆ ದುಡ್ಡು ಕಳಿಸಿದ ದಿನಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನಿನ್ನ ಖಾತೆಯ ಸ್ಟೇಟ್‌ಮೆಂಟನ್ನು ನೀನೇ ತೆಗೆಸಬೇಕು, ಲೋನ್ ಶುರುವಾದ ತಿಂಗಳಿನಿಂದ ತೆಗೆಸು. ಒಂಬತ್ತನೇ ಪ್ಯಾರಾವನ್ನು ಹೇಗೆ ತಿದ್ದಬಹುದು ಅಂತ ಒಂದು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನಿನ್ನ ವಕೀಲರಿಗೆ ತೋರಿಸು, ನಗಾಡಿ ಪಕ್ಕಕ್ಕೆ ಇಟ್ಟರೆ ಕಾರಣ ಏನು ಅಂತ ಕೇಳಿ ತಿಳಿದುಕೋ. ಎಲ್ಲ ಓದಿದ ಮೇಲೂ ಹಾಗೇ ಇರಲಿ ಅನ್ನಿಸಿದರೆ ಹಾಗೇ ಸಹಿ ಹಾಕು, ನಾನು ಎರಡನೇ ಸಲ ಕೇಳುವುದಿಲ್ಲ.

ತಾಳಗುಪ್ಪದ ರಾತ್ರಿ ರೈಲಿಗೆ ಜಂಬಗಾರಿನಿಂದ ಒಂದು ಟಿಕೆಟ್ ತೆಗೆಸಬೇಕು ಅಂತ ಪಕ್ಕದ ಮನೆ ಹುಡುಗನಿಗೆ ಹೇಳಿದ್ದೇನೆ, ಲೋವರ್ ಬರ್ತ್ ಖಾಲಿ ಇದೆಯಂತೆ. ಬುಧವಾರದೊಳಗೆ ಹೇಳು.

ಇಂತು,
ಅಮ್ಮ